ತಾರೀಕಿಲ್ಲದ ಫ್ಲೆಕ್ಸ್

ಚಿಂತಾಮಣಿ
17-12-2023

ವಜೀರಣ್ಣನವರಿಗೆ ಮುನಿಲಕ್ಷ್ಮಿಯ ನಮಸ್ಕಾರಗಳು.

ಕಾಗದ ನೋಡಿ ಗಾಬರಿಯಾಗಬೇಡಿ. ನಿಮಗೆ ಫೋನಿನಲ್ಲಿ ಹೇಳಿದ್ದು ಕೇಳಿಸುವುದಿಲ್ಲ, ನನ್ನ ಫೋನು ಸದಾ ಮಗಳು ಶೋಭಾ ಕೈಯಲ್ಲಿರುತ್ತದೆ. ಅವಳು ಓದಬಾರದ ಮಾತುಗಳು ಈಚೆಗೆ ನನ್ನಲ್ಲಿ ಜಾಸ್ತಿಯಾಗಿವೆ. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ಕೌಂಟರಿನ ಹುಡುಗಿ ಮ್ಯೂಸಿಯಂ ಗೊಂಬೆ ನೋಡಿದ ಹಾಗೆ ನನ್ನನ್ನು ನೋಡಿದಳು.

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮಿಷನ್‌ಗಳನ್ನೆಲ್ಲಾ ಮಾರಿ ಗೌರಿಬಿದನೂರಿನ ಮಗಳ ಮನೆ ಸೇರಿದ್ದೀರಂತೆ. ಒಂದು ಮಾತು ಹೇಳಿ ಹೋಗಬಾರದಿತ್ತೇ? ನೀವು ನಮ್ಮ ಮನೆಯವರ ಮಣ್ಣಿಗೂ ಬರಲಿಲ್ಲ, ತಿಥಿಗೂ ಬರಲಿಲ್ಲ. ಮೂವತ್ತು ವರ್ಷದ ಸ್ನೇಹ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ನಡೆದದ್ದು ನಿಮಗೆ ಗೊತ್ತೇ ಇದೆ. ಹೋದ ತಿಂಗಳು ಆ ಭಾನುವಾರ ನಸುಕಿನಲ್ಲೇ ಬೈಕ್ ತೆಗೆದು, "ಒಬ್ನೇ ಸ್ಕಂದಗಿರಿ ಹತ್ತಿ ಊಟದ ಹೊತ್ತಿಗೆ ಬರ್ತೀನಿ ಕಣೇ, ಮುದ್ದೆ ಬಿಸಿ ಇಟ್ಟಿರು" ಎಂದು ಹೋದರು. ಮಾರನೆಯ ದಿನ ಕೋಟೆ ಗೋಡೆಯ ಕೆಳಗೆ, ಬಂಡೆಗಳ ಸಂದಿನಲ್ಲಿ ಸಿಕ್ಕರು. ಹಾಳು ಬಾವಿಗೆ ಹಗ್ಗ ಕಟ್ಟಿಕೊಂಡು ಇಳಿದು ಮೋಟಾರ್ ಎತ್ತುತ್ತಿದ್ದ ಮನುಷ್ಯ, ಐವತ್ತೆರಡಕ್ಕೂ ಬೆಟ್ಟ ಕಂಡರೆ ಕಾಲು ನಿಲ್ಲದವರು. ಹೀಗೇ ಯಾವತ್ತೋ ಒಂದು ದಿನ ಆಗುತ್ತದೆಂದು ನಾನು ಬೈಯುತ್ತಲೇ ಇದ್ದೆ. ಬಿದ್ದದ್ದಕ್ಕಲ್ಲ ನನ್ನ ಸಂಕಟ. ವಾರಕ್ಕೊಂದು ದಿನ ಮಗಳನ್ನೂ ನನ್ನನ್ನೂ ಹಿಂದೆ ಕೂರಿಸಿಕೊಂಡು ನಂದಿಯ ತನಕ ದ್ರಾಕ್ಷಿ ತಿನ್ನಲು ಕರೆದೊಯ್ಯುತ್ತಿದ್ದರು, ಮನೆಯಲ್ಲಿ ಒಬ್ಬರೇ ಕೂತು ಒಂದು ಲೋಟ ಕಾಫಿ ಕುಡಿದವರಲ್ಲ. ಅಂಥವರು ಒಬ್ಬರೇ ಸತ್ತರಲ್ಲ ಎನ್ನುವುದು ನನ್ನನ್ನು ಕೊರೆಯುತ್ತಿದೆ. ಯಾರಾದರೂ ಪಕ್ಕದಲ್ಲಿದ್ದರೇ, ಏನಾದರೂ ಹೇಳಿದರೇ, ಅಷ್ಟು ತಿಳಿದರೆ ನಾನು ನಿದ್ದೆ ಮಾಡುತ್ತೇನೆ.

ಇನ್ನೊಂದು ವಿಷಯ. ಊರಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಇಪ್ಪತ್ತೇಳು ಕಟ್ಟಿದ್ದರು. ಎಲ್ಲದರಲ್ಲೂ ಒಂದೇ ಫೋಟೊ, ಮೋಟಾರ್ ಅಂಗಡಿ ಪೂಜೆಯ ದಿನದ ಬಿಳಿ ಶರಟಿನದು. ಹನ್ನೊಂದನೆಯ ದಿನ ಕಳೆದ ಕೂಡಲೇ ಜನ ಬಿಚ್ಚಿಕೊಂಡು ಹೋದರು. ಗಟ್ಟಿ ಶೀಟು, ಯಾರು ಬಿಡುತ್ತಾರೆ. ಈಗ ಎಲ್ಲಿ ನೋಡಿದರೂ ಅವರೇ. ಶಿಡ್ಲಘಟ್ಟದ ರಸ್ತೆಯಲ್ಲಿ ರಾಗಿಹುಲ್ಲಿನ ಬಣವೆ ಮೇಲೆ ತಲೆಕೆಳಗಾಗಿ ನಗುತ್ತಿದ್ದಾರೆ. ಟೊಮೇಟೊ ಗಾಡಿಯ ಮೇಲೆ ಅರ್ಧ ಮುಖ. ಒಬ್ಬರ ಬಚ್ಚಲಿಗೆ ಬರೀ ಕಣ್ಣುಗಳಿರುವ ತುಂಡು ಅಡ್ಡ ಕಟ್ಟಿದ್ದಾರೆ. ಬಸ್ಸಿನಲ್ಲಿ ಹೋಗುವಾಗ ನಾನು ಎಣಿಸುತ್ತೇನೆ. ಕಟ್ಟಿದ್ದು ಇಪ್ಪತ್ತೇಳು. ಇಲ್ಲಿಯವರೆಗೆ ನಾನು ನೋಡಿದ್ದು ಮೂವತ್ತೊಂದು. ಅಂಗಡಿ ನೋಡಿಕೊಳ್ಳುವ ಕೆಂಪರಾಜು, "ಒಂದನ್ನೇ ಎರಡು ಸಲ ಎಣ್ಸಿರ್ತೀರ ಬಿಡಕ್ಕ" ಎನ್ನುತ್ತಾನೆ. ಇರಬಹುದು.

ಉತ್ತರ ಬರೆಯಿರಿ.
ಮುನಿಲಕ್ಷ್ಮಿ


ಗೌರಿಬಿದನೂರು
2-1-2024

ತಂಗಿ ಮುನಿಲಕ್ಷ್ಮಮ್ಮನಿಗೆ ವಜೀರ್ ಮಾಡುವ ಸಲಾಂ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಆಗ ನನಗೆ ತಲೆಸುತ್ತು ಜಾಸ್ತಿಯಾಗಿ ಎದ್ದು ಕೂರಲೂ ಆಗುತ್ತಿರಲಿಲ್ಲ. ನಲವತ್ತು ವರ್ಷ ಮಿಷನ್‌ಗಳ ನಡುವೆ ಕೂತು ಕಿವಿ ಹೋಯಿತು, ಕಿವಿಯ ಜೊತೆ ತಲೆಯ ನೆಲೆಯೂ ಹೋಯಿತು. ಅದಕ್ಕೇ ಮಗಳು ಮುಸರ್ರತ್ ನನ್ನನ್ನೂ ಹೆಂಡತಿ ಶಮ್ಸುನ್ನೀಸಾಳನ್ನೂ ಇಲ್ಲಿಗೆ ಕರೆತಂದಳು.

ತಿರುಮಲೇಶಿಯ ವಿಷಯ ಏನು ಬರೆಯಲಿ. ನಮ್ಮ ಪರಿಚಯ ಆದದ್ದು ನನ್ನ ಮೋಟಾರ್ ಸುಟ್ಟಾಗ. ಕುದಿಯುವ ನೀರಿನಲ್ಲಿ ಗೂಡು ಬಿದ್ದಿತ್ತು, ಮಿಷನ್ ನಿಂತರೆ ಅಷ್ಟೂ ರೇಷ್ಮೆ ಹಾಳು. ಅವನು ನನ್ನ ಹೆಸರನ್ನೂ ಕೇಳದೆ ತನ್ನ ಅಂಗಡಿಯ ಮೋಟಾರನ್ನು ಹೆಗಲ ಮೇಲೆ ಹೊತ್ತು ತಂದು ಕೂರಿಸಿದ. "ನಿಮ್ದು ರಿಪೇರಿ ಆಗೋತನಕ ಇದು ಓಡ್ಲಿ ಭಾಯ್, ಕೆಲ್ಸ ನಿಲ್ಬಾರ್ದು" ಎಂದ. ಆಮೇಲೆ ಗೊತ್ತಾಯಿತು, ಎಲ್ಲರಿಗೂ ಹಾಗೇ ಮಾಡುತ್ತಾನೆ ಎಂದು. ನಿಮ್ಮ ತಾಲ್ಲೂಕಿನ ಎಷ್ಟು ಬೋರುಗಳಲ್ಲಿ ಅವನ ಮೋಟಾರ್ ಇಳಿದಿದೆಯೋ ಅವನಿಗೇ ಗೊತ್ತಿರಲಿಲ್ಲ.

ಒಬ್ಬರೇ ಸತ್ತರು ಎಂದು ಕೊರಗಬೇಡಿ. ಆ ದಿನ ಮೇಲೆ ಬಂಡೆ ಒದ್ದೆಯಿತ್ತು. ಒಂದು ಕ್ಷಣದ ಕೆಲಸ. ನೋವು ತಿಳಿಯುವಷ್ಟು ಹೊತ್ತೂ ಆಗಿರುವುದಿಲ್ಲ.

ಮಿಷನ್ ಸದ್ದು ನಿಂತ ಮೇಲೆ ನನ್ನ ಕಿವಿಯಲ್ಲಿ ಬೇರೆ ಒಂದು ಸದ್ದು ಶುರುವಾಗಿದೆ. ಕಿವುಡರಿಗೆ ಇದು ಮಾಮೂಲು ಎಂದು ಡಾಕ್ಟರು ಹೇಳಿದರು. ಶೋಭಾಗೆ ನನ್ನ ಆಶೀರ್ವಾದ.

ವಜೀರ್


ಚಿಂತಾಮಣಿ
28-1-2024

ವಜೀರಣ್ಣನವರಿಗೆ,

ಮೋಟಾರುಗಳ ಸುದ್ದಿ ಬರೆದಿರಲ್ಲ, ಅವು ಈಗ ಒಂದೊಂದಾಗಿ ವಾಪಸ್ ಬರುತ್ತಿವೆ. ಜನ ಹೆಗಲ ಮೇಲೆ ತಂದು ಅಂಗಡಿ ಮುಂದೆ ಇಟ್ಟು, ಚಪ್ಪಲಿ ಬಿಟ್ಟು ಫೋಟೊಗೆ ಕೈಮುಗಿದು ಹೋಗುತ್ತಾರೆ. ಹೋದ ವಾರ ಕೋನಪ್ಪ ಎನ್ನುವ ಮುದುಕರು ಒಂದನ್ನು ತಂದರು. "ಮೊನ್ನೆ ಸಂಕ್ರಾಂತಿ ದಿನ ಅಣ್ಣನೇ ಬಂದು ಕೂರ್ಸಿ ಹೋದ್ರಮ್ಮ, ಒಂದು ತೊಟ್ಟು ಮಜ್ಜಿಗೆನೂ ಕುಡೀಲಿಲ್ಲ" ಎಂದರು. ಎಂಬತ್ತು ದಾಟಿದೆ, ಯಾವ ಹಬ್ಬ ಯಾವುದೆಂದು ಗೊತ್ತಾಗದು ಎಂದುಕೊಂಡೆ. ಆಮೇಲೆ ಕೆಂಪರಾಜು ವೈರಿನ ಜಾಯಿಂಟ್ ತೋರಿಸಿದ. ಟೇಪು ಹೊಸದು. ಎಲ್ಲರೂ ಬಲಕ್ಕೆ ಸುತ್ತುತ್ತಾರೆ, ನಮ್ಮ ಮನೆಯವರೊಬ್ಬರೇ ಎಡಕ್ಕೆ ಸುತ್ತುತ್ತಿದ್ದವರು. ಇದು ಎಡಕ್ಕೆ ಸುತ್ತಿತ್ತು. ಅವನು ಅದನ್ನು ಗೋಣಿ ಹೊದಿಸಿ ಮೂಲೆಗಿಟ್ಟ.

ಇದನ್ನು ಬರೆಯಬಾರದು ಎಂದಿದ್ದೆ. ಬರೆಯಬೇಕಾದ್ದು ಬೇರೆ. ನಮ್ಮ ಬೀದಿಯ ಬಸ್ ಕಂಡಕ್ಟರ್ ಬಯ್ಯಪ್ಪ ಸ್ಕಂದಗಿರಿಯ ಬುಡದ ಕಳವಾರದ ಕಡೆ ಹೋಗಿದ್ದನಂತೆ. ಅಲ್ಲಿ ಒಂದು ಫ್ಲೆಕ್ಸಿನಲ್ಲಿ ನಮ್ಮವರನ್ನು ನೋಡಿದನಂತೆ. ಅದು ಬಿಳಿ ಶರಟಿನದಲ್ಲ, ಇಟ್ಟಿಗೆ ಬಣ್ಣದ ಸ್ವೆಟರ್ ಹಾಕಿದ ಫೋಟೊ. ಹೆಸರಿಲ್ಲ, ದೀಪದ ಚಿತ್ರವಿಲ್ಲ, ಜನನ ಮರಣದ ತಾರೀಕಿಲ್ಲ. ಅಲ್ಲಿಯವರನ್ನು ಕೇಳಿದರೆ, "ಯಾರೋ ಲೀಡ್ರು, ಎಲೆಕ್ಷನ್‌ಗೆ ನಿಲ್ತಾರಂತೆ" ಎಂದರಂತೆ.

ಅಣ್ಣ, ಆ ಸ್ವೆಟರನ್ನು ನಾನು ಆ ಶನಿವಾರ ಸಂಜೆ ತಂದದ್ದು. ಬೆಳಿಗ್ಗೆ ಲೇಬಲ್ ಕಿತ್ತು ನಾನೇ ಹಾಕಿ ಕಳಿಸಿದೆ. ಅದು ಆಸ್ಪತ್ರೆಯಿಂದ ನನ್ನ ಹತ್ತಿರ ವಾಪಸ್ ಬಂದಾಗ ಕತ್ತರಿಯಲ್ಲಿ ಕತ್ತರಿಸಿದ್ದರು, ಒಗೆದರೂ ಹೋಗದ ಕಲೆಯಿತ್ತು. ಅವರು ಅದನ್ನು ಹಾಕಿಕೊಂಡು ಬದುಕಿದ್ದದ್ದು ಒಂದೇ ಬೆಳಿಗ್ಗೆ. ಅವರ ಫೋನು ಪುಡಿಯಾಗಿ ಸಿಕ್ಕಿತು. ಹಾಗಾದರೆ ಆ ಫೋಟೊ ತೆಗೆದವರು ಯಾರು?

ನಿಮಗೇನಾದರೂ ಹೊಳೆಯುತ್ತದೆಯೇ? ನಿಮ್ಮನ್ನು ಬಿಟ್ಟು ಕೇಳಲು ನನಗೆ ಇನ್ಯಾರೂ ಇಲ್ಲ.

ಮುನಿಲಕ್ಷ್ಮಿ


ಗೌರಿಬಿದನೂರು
10-2-2024

ತಂಗಿ ಮುನಿಲಕ್ಷ್ಮಮ್ಮನಿಗೆ,

ಬಯ್ಯಪ್ಪ ದೂರದಿಂದ ನೋಡಿರುತ್ತಾನೆ. ಬಿಸಿಲಿಗೆ ಫ್ಲೆಕ್ಸಿನ ಬಣ್ಣ ಬದಲಾಗುತ್ತದೆ, ಬಿಳಿಯದು ಕೆಂಪಾಗಿ ಕಾಣಬಹುದು. ಕಳವಾರದಲ್ಲೂ, ಇಲ್ಲಿಯ ಕುಡುಮಲಕುಂಟೆಯ ಫ್ಯಾಕ್ಟರಿಗಳಲ್ಲೂ ಅವನಿಂದ ಉಪಕಾರ ಪಡೆದವರು ಬೇಕಾದಷ್ಟು ಜನ ಇದ್ದರು. ಯಾರೋ ಪ್ರೀತಿಯಿಂದ ಮಾಡಿಸಿರಬಹುದು.

ನೀವು ಕಳವಾರಕ್ಕೆ ಹೋಗಬೇಡಿ. ಆ ಜಾಗ ನೋಡಿದರೆ ದುಃಖ ಹೆಚ್ಚುತ್ತದೆ, ಬೇರೇನೂ ಸಿಗುವುದಿಲ್ಲ. ಅಣ್ಣನ ಮಾತು ಎಂದು ಕೇಳಿ.

ವಜೀರ್


ಚಿಂತಾಮಣಿ
3-3-2024

ವಜೀರಣ್ಣನವರಿಗೆ,

ಹೋಗಬೇಡಿ ಎಂದಿರಿ, ಅದಕ್ಕೇ ಹೋದೆ. ಇಪ್ಪತ್ತಾರು ವರ್ಷ ಅವರ ಜೊತೆ ಬಾಳಿದ್ದೇನೆ, ಅವರ ಹಟ ಅಷ್ಟಾದರೂ ಅಂಟಿರಬೇಡವೇ.

ಫ್ಲೆಕ್ಸ್ ಕಟ್ಟಿದ್ದ ಜಾಗದಲ್ಲಿರಲಿಲ್ಲ. ಗಂಗುಲಮ್ಮ ಎನ್ನುವ ಕುರಿ ಸಾಕುವ ಹೆಂಗಸು ಬಿಚ್ಚಿಕೊಂಡು ಹೋಗಿ ತನ್ನ ಕುರಿ ರೊಪ್ಪದ ಮೇಲೆ ಹೊದಿಸಿದ್ದಾಳೆ. ಹೊರಗಿನಿಂದ ಬರೀ ಬಿಳಿ ಹಿಂಬದಿ ಕಾಣುತ್ತದೆ. "ಬಣ್ಣ ಬಿಸ್ಲಿಗೆ ಹೋಗ್ಬಾರ್ದು ಅಂತ ಮೊಖ ಒಳಗಡೆ ಮಾಡಿದ್ದೀನಮ್ಮ" ಎಂದಳು. ಬಗ್ಗಿ ಒಳಗೆ ಹೋದೆ. ಮಬ್ಬುಗತ್ತಲು, ಕುರಿಗಳ ಉಸಿರು. ತಲೆಯೆತ್ತಿದರೆ ಇಡೀ ಸೂರಿನಷ್ಟು ಅಗಲಕ್ಕೆ ಅವರ ಮುಖ, ನನ್ನ ಮೇಲೆ ಬಗ್ಗಿ ನಗುತ್ತಿದೆ. ಮೈಯಲ್ಲಿ ನಾನು ತಂದ ಸ್ವೆಟರು. ಹಿಂದೆ ಕೋಟೆ ಗೋಡೆ. ಅದು ಯಾರೋ ಕೇಳಿದ್ದಕ್ಕೆ ನಕ್ಕ ನಗು ಅಲ್ಲ. ಬೇಕಾದವರು ಎದುರಿಗೆ ನಿಂತಾಗ ಬರುವ ನಗು ಅದು, ನನಗೆ ಚೆನ್ನಾಗಿ ಗೊತ್ತು.

ಆವತ್ತು ಬೆಟ್ಟದಿಂದ ಬಿದ್ದು ಸತ್ತವರು ಇವರೇ ಎಂದಾಗ ಗಂಗುಲಮ್ಮ ಎದೆ ಹಿಡಿದುಕೊಂಡು ಕೂತುಬಿಟ್ಟಳು. "ಅಯ್ಯೋ ದೇವ್ಡಾ, ದೀಪ ಇಲ್ಲ, ತಾರೀಕಿಲ್ಲ, ಬದುಕಿರೋರು ಅಂದ್ಕೊಂಡೆ ಕಣಮ್ಮ. ದಿನಾ ಬೆಳಗ್ಗೆ ಇವರ ಮೊಖ ನೋಡೇ ಕುರಿ ಬಿಡ್ತಿದ್ದೆ" ಎಂದಳು. ಆಮೇಲೆ ತಾನೇ ಬಾಯಿಬಿಟ್ಟಳು. ಆ ಭಾನುವಾರ ಎಂಟು ಗಂಟೆಯ ಹೊತ್ತಿಗೆ ಅವಳು ಬೆಟ್ಟದ ಆಚೆ ಇಳಿಜಾರಿನಲ್ಲಿ ಕುರಿ ಮೇಯಿಸುತ್ತಿದ್ದಳು. ಮೇಲಿನಿಂದ ಒಬ್ಬ ಗಂಡಸು ಕೂಗುತ್ತಿದ್ದನಂತೆ. "ಒಂದೇ ಹೆಸ್ರು ಹಿಡ್ದು ಕೂಗ್ತಾನೇ ಇದ್ರು, ಸುಮಾರು ಅರ್ಧ ಗಂಟೆ. ಬೆಟ್ಟಕ್ಕೆ ಬರೋರು ದಿನಾ ಹಂಗೇ ಕೂಗಾಡ್ತಾರೆ, ಆಟ ಆಡ್ತವ್ರೆ ಅಂದ್ಕೊಂಡು ನಾನು ತಿರುಗೀನೂ ನೋಡ್ಲಿಲ್ಲ ಕಣಮ್ಮ" ಎಂದು ನನ್ನ ಕೈಹಿಡಿದು ಅತ್ತಳು.

ಒಂದು ಕ್ಷಣದ ಕೆಲಸ ಎಂದು ಬರೆದಿದ್ದಿರಿ. ಬಂಡೆ ಒದ್ದೆಯಿತ್ತು ಎಂದೂ ಬರೆದಿದ್ದಿರಿ. ಅದನ್ನು ನಿಮಗೆ ಹೇಳಿದವರು ಯಾರು?

ಗಂಗುಲಮ್ಮ ನನಗೆ ಹೆಸರು ಹೇಳಿದಳು. ಅದನ್ನು ನಾನು ಬರೆಯುವುದಿಲ್ಲ. ನೀವು ಬರೆಯಿರಿ.

ಮುನಿಲಕ್ಷ್ಮಿ


ಗೌರಿಬಿದನೂರು
9-3-2024

ತಂಗಿ,

ಹೆಸರು ವಜೀರ್.

ತಲೆಸುತ್ತು ಬರುವವನು ಬೆಟ್ಟ ಹತ್ತಬಾರದೆಂದು ಶಮ್ಸುನ್ನೀಸಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ವ್ಯಾಪಾರದವರನ್ನು ನೋಡಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ಚಿಕ್ಕಬಳ್ಳಾಪುರದವರೆಗೆ ಬಸ್ಸಿನಲ್ಲಿ ಬಂದೆ. ಅಲ್ಲಿಂದ ಅವನು ಬೈಕಿನಲ್ಲಿ ಕೂರಿಸಿಕೊಂಡ. ನನ್ನ ಸುಳ್ಳು ಉಳಿಯಲಿ ಎಂದೇ ನಿಮಗೆ "ಒಬ್ನೇ ಹೋಗ್ತೀನಿ" ಎಂದಿರಬೇಕು. ಮೇಲೆ ಹೋದೆವು. ಫೋಟೊ ತೆಗೆದವನು ನಾನೇ. "ಹೆಂಡ್ತಿ ತಂದಿರೋ ಸ್ವೆಟ್ರು, ಚೆನ್ನಾಗ್ ತೆಗಿಯೋ" ಎಂದು ಕೈಸನ್ನೆ ಮಾಡಿ ನಕ್ಕ.

ಇಳಿಯುವಾಗ, ನೀನು ಮೆಟ್ಟಿಲ ದಾರಿ ಹಿಡಿ, ನಾನು ಗೋಡೆಯ ಸಂದಿಯಿಂದ ಇಳಿದು ನಿನಗಿಂತ ಮೊದಲು ಗೋಣಿ ಮರದ ಹತ್ತಿರ ಇರುತ್ತೇನೆ ಎಂದು ಸನ್ನೆ ಮಾಡಿದ. ನಾನು ಮರದ ಕೆಳಗೆ ಕೂತೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಗೋಡೆಗೆ ಬೆನ್ನು ಹಾಕಿ ಕೂತೆ. ಅರ್ಧ ಗಂಟೆ ಫ್ಲಾಸ್ಕಿನ ಟೀ ಕುಡಿಯುತ್ತಾ ಕೂತಿದ್ದೆ. ನನ್ನ ಹಿಂದೆ ಅವನು ನನ್ನನ್ನು ಕರೆಯುತ್ತಿದ್ದ ಎಂದು ನಿಮ್ಮ ಕಾಗದದಿಂದ ನನಗೆ ಗೊತ್ತಾಯಿತು.

ಕೆಳಗೆ ಬಂದರೆ ಬೈಕ್ ನಿಂತಿತ್ತು. ಯಾರದೋ ಮೋಟಾರ್ ಕೆಟ್ಟಿದೆ ಎಂದು ಯಾರೋ ಹಿಡಿದುಕೊಂಡಿರುತ್ತಾರೆ, ಅವನು ಯಾವ ಊರಿಗೆ ಹೋದರೂ ಹಾಗೇ ತಾನೇ ಎಂದುಕೊಂಡೆ. ಮಧ್ಯಾಹ್ನದೊಳಗೆ ಮನೆ ಸೇರಬೇಕಿತ್ತು. ಆ ಬೈಕನ್ನು ನೋಡಿಯೂ ನಾನು ಬಸ್ ಹತ್ತಿದೆ. ಮಾರನೆಯ ದಿನ ಸುದ್ದಿ ಬಂತು. ಮೊದಲು ಭಯ, ಆಮೇಲೆ ನಾಚಿಕೆ. ಆ ಮುಖ ಹೊತ್ತು ನಿಮ್ಮ ಬಾಗಿಲಿಗೆ ಹೇಗೆ ಬರಲಿ?

ಫ್ಲೆಕ್ಸ್ ಮಾಡಿಸಿದವನೂ ನಾನೇ. ನಮ್ಮಲ್ಲಿ ಸತ್ತವರ ಫೋಟೊ ಕಟ್ಟುವ ಪದ್ಧತಿಯಿಲ್ಲ. ನಿಮ್ಮಲ್ಲಿ ಕಟ್ಟುತ್ತಾರಲ್ಲ, ನನ್ನ ಪಾಲಿನದೂ ಒಂದಿರಲಿ ಎಂದು ಇಲ್ಲಿಯ ಅಂಗಡಿಗೆ ಹೋದೆ. ಹುಟ್ಟುಹಬ್ಬವೋ ಶ್ರದ್ಧಾಂಜಲಿಯೋ ಎಂದು ಕಾಗದದಲ್ಲಿ ಬರೆದು ಕೇಳಿದರು. ಯಾವುದರ ಮೇಲೂ ಬೆರಳಿಡಲು ಆಗಲಿಲ್ಲ. ಬರೀ ಫೋಟೊ ಹಾಕಿ ಎಂದೆ. ಬೆಟ್ಟ ಕಾಣುವ ಹಾಗೆ ಕಳವಾರದಲ್ಲಿ ಕಟ್ಟಿಸಿದೆ.

ಇನ್ನು ಮುಚ್ಚಿಡುವುದಿಲ್ಲ. ನನ್ನ ಕಿವಿಯ ಸದ್ದು ದಿನಾ ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತದೆ. ಅರ್ಧ ಗಂಟೆ ಇರುತ್ತದೆ. ಅದು ಸದ್ದಲ್ಲ, ನನ್ನ ಹೆಸರು. ಡಿಸೆಂಬರಿನಿಂದ ಕೇಳುತ್ತಿದೆ, ನಿಮ್ಮ ಗಂಗುಲಮ್ಮ ಬಾಯಿಬಿಡುವ ಎಷ್ಟೋ ಮೊದಲಿನಿಂದ. ಮುಸರ್ರತ್ ಜೋರಾಗಿ ಕಿರುಚಿದರೂ ಕೇಳದ ಕಿವಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಕೇಳುವ ಯೋಗ್ಯತೆ ನನಗಿಲ್ಲ.

ವಜೀರ್


ಚಿಂತಾಮಣಿ
30-5-2024

ವಜೀರ್ ಅವರಿಗೆ,

ಮೂರು ತಿಂಗಳು ನಿಮಗೆ ಬರೆಯಲು ನನ್ನ ಕೈ ಏಳಲಿಲ್ಲ. ಬರೆದಿದ್ದರೆ ಬರೀ ಶಾಪ ಬರೆಯುತ್ತಿದ್ದೆ. ಶೋಭಾಗೆ ಎಲ್ಲವನ್ನೂ ಹೇಳಿದ್ದೇನೆ.

ಜೂನ್ 16ರ ಭಾನುವಾರ ನಾವಿಬ್ಬರೂ ಬೆಟ್ಟ ಹತ್ತುತ್ತೇವೆ. ಅವರು ಬಿದ್ದ ಜಾಗದ ಮೇಲೆ ನಿಂತು ನಾನು ಕೂಗುತ್ತೇನೆ. ಗೋಣಿ ಮರದ ಕೆಳಗೆ ಕೂತವರಿಗೆ, ಕಿವಿ ಸರಿಯಿದ್ದರೆ, ಅದು ಕೇಳುತ್ತದೆಯೋ ಇಲ್ಲವೋ ನನಗೆ ಗೊತ್ತಾಗಬೇಕು. ನೀವೂ ಬನ್ನಿ. ಬರದಿದ್ದರೆ ನಿಮ್ಮ ಜಾಗದಲ್ಲಿ ಶೋಭಾ ಕೂರುತ್ತಾಳೆ.

ಮುನಿಲಕ್ಷ್ಮಿ


ಚಿಂತಾಮಣಿ
19-6-2024

ವಜೀರಣ್ಣನವರಿಗೆ,

ನೀವು ಬರಲಿಲ್ಲ. ಬರುತ್ತೀರೆಂದು ನಸುಕಿನಲ್ಲೇ ಕಳವಾರಕ್ಕೆ ಹೋಗಿ ಒಂದು ಗಂಟೆ ಕಾದೆವು. ಗಂಗುಲಮ್ಮ ಮಜ್ಜಿಗೆ ಕೊಟ್ಟಳು.

ಶೋಭಾ ನೀವು ಹೇಳಿದ ಹಾಗೇ ಗೋಡೆಗೆ ಬೆನ್ನು ಹಾಕಿ ಮರದ ಕೆಳಗೆ ಕೂತಳು. ನಾನು ಗೋಡೆಯ ಸಂದಿಯ ಹತ್ತಿರ ನಿಂತು ನಿಮ್ಮ ಹೆಸರು ಹಿಡಿದು ಕೂಗಿದೆ. ಎರಡು ಸಲ ಕೂಗಿದೆ. ಮೂರನೆಯ ಸಲ ಕೂಗದೆ ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟೆ.

ಅವಳಿಗೆ ಏನೂ ಕೇಳಲಿಲ್ಲ ಅಣ್ಣ. ಇಪ್ಪತ್ತು ವರ್ಷದ ಕಿವಿ. "ನೀನು ಕೂಗಿದ್ಯಾ ಅಮ್ಮ?" ಎಂದು ಆಮೇಲೆ ನನ್ನನ್ನೇ ಕೇಳಿದಳು. ಗಾಳಿ ಪೂರ್ತಿ ಗಂಗುಲಮ್ಮ ಇದ್ದ ಆಚೆ ಇಳಿಜಾರಿಗೆ ಬೀಸುತ್ತದೆ. ನಿಮ್ಮ ಕಿವಿ ಸರಿಯಿದ್ದರೂ ನಿಮಗೆ ಕೇಳುತ್ತಿರಲಿಲ್ಲ. ಇದನ್ನು ನಂಬಿ, ಕಿವಿಯ ಸದ್ದನ್ನು ಬಿಟ್ಟುಬಿಡಿ.

ನನ್ನ ಮನಸ್ಸೂ ಒಂದು ಕಡೆಗೆ ನಿಂತಿದೆ. ಅವರು ಒಬ್ಬರೇ ಸಾಯಲಿಲ್ಲ. ಕರೆಯಲು ಅವರಿಗೆ ಒಂದು ಹೆಸರಿತ್ತು, ಈಗ ಬರುತ್ತಾನೆ ಎಂಬ ನಂಬಿಕೆಯಲ್ಲೇ ಇದ್ದರು. ಅಷ್ಟು ನನಗೆ ಸಾಕು. ಶಮ್ಸುನ್ನೀಸಾ ಅಕ್ಕನನ್ನು ಕರೆದುಕೊಂಡು ಒಂದು ದಿನ ಮನೆಗೆ ಊಟಕ್ಕೆ ಬನ್ನಿ.

ನಿಮ್ಮ ತಂಗಿ,
ಮುನಿಲಕ್ಷ್ಮಿ


ಗೌರಿಬಿದನೂರು
25-6-2024

ತಂಗಿ ಮುನಿಲಕ್ಷ್ಮಮ್ಮನಿಗೆ ವಜೀರ್ ಮಾಡುವ ಸಲಾಂ.

ನಾನು ಬಂದಿದ್ದೆ.

ನಿಮ್ಮೆದುರು ನಿಲ್ಲುವ ಧೈರ್ಯವಿರಲಿಲ್ಲ. ನಿಮಗಿಂತ ಮುಂಚೆ ಹತ್ತಿ, ಗೋಣಿ ಮರದಿಂದ ಸ್ವಲ್ಪ ಕೆಳಗಿದ್ದ ದೊಡ್ಡ ಬಂಡೆಯ ಮರೆಯಲ್ಲಿ ಕೂತಿದ್ದೆ. ಅಲ್ಲಿಂದ ಶೋಭಾಳೂ ಕಾಣುತ್ತಿದ್ದಳು, ಮೇಲೆ ನೀವೂ ಕಾಣುತ್ತಿದ್ದಿರಿ. ಕಿವಿ ಹೋದವನಿಗೆ ಕಣ್ಣು ಚುರುಕು.

ನೀವು ಎರಡೂ ಕೈ ಬಾಯಿಗಿಟ್ಟು ಕೂಗಿದಿರಿ. ಶೋಭಾ ತಟ್ಟನೆ ತಿರುಗಿ ಕೈಯೆತ್ತಿದಳು. ಇನ್ನೊಂದು ಸಲ ಕೂಗಿದಿರಿ. ಅವಳು ಮತ್ತೆ ತಿರುಗಿದಳು, ಎದ್ದು ನಿಂತು ಕೈ ಬೀಸಿದಳು. ಕೇಳುತ್ತದೆ. ಕಿವಿಯಿದ್ದವರಿಗೆ ಅಲ್ಲಿ ಚೆನ್ನಾಗಿ ಕೇಳುತ್ತದೆ. ನನಗೋಸ್ಕರ ನೀವು ಸುಳ್ಳು ಬರೆದಿರಿ. ಆ ಕಾಗದ ಓದಿ ನಾನು ಮಗುವಿನ ಹಾಗೆ ಅತ್ತೆ, ಶಮ್ಸುನ್ನೀಸಾಗೆ ಎಲ್ಲವನ್ನೂ ಹೇಳಿದೆ. ನಿಮ್ಮ ಅನ್ನದ ಋಣ ಇದ್ದರೆ ಊಟಕ್ಕೆ ಬರುತ್ತೇವೆ.

ಆದರೆ ಒಂದನ್ನು ನೀವೂ ಬರೆಯದೆ ಬಿಟ್ಟಿದ್ದೀರಿ. ನೀವು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಂಡೆಯ ಮೇಲೆ ಕೂತಿದ್ದಿರಿ. ಆಗ ಶೋಭಾ ಮೂರನೆಯ ಸಲ ತಿರುಗಿದಳು. ನಿಮ್ಮ ಕಡೆಗಲ್ಲ, ನಿಮ್ಮ ಕಾಲಡಿಯ ಸಂದಿನ ಕಡೆಗೆ. ನೀವೂ ಎದ್ದು ನಿಂತು ಅದೇ ಕಡೆ ನೋಡಿದಿರಿ. ಬಹಳ ಹೊತ್ತು ಇಬ್ಬರೂ ಅಲುಗಾಡಲಿಲ್ಲ. ಆಮೇಲೆ ನೀವು ಮರದ ಹತ್ತಿರ ಬಂದು ಅವಳ ಕೈಹಿಡಿದು ಬಿರಬಿರನೆ ಇಳಿದು ಹೋದಿರಿ.

ನಿಮಗೆ ಏನು ಕೇಳಿತೆಂದು ನಾನು ಕೇಳುವುದಿಲ್ಲ. ಆಗ ಎಂಟು ಗಂಟೆ. ನನಗೂ ಕೇಳಿತು, ಈ ಸಲ ನಾನು ತಡಮಾಡಲಿಲ್ಲ. ನಿಮ್ಮಿಬ್ಬರಿಗಿಂತ ಮೊದಲು ತಿರುಗಿ, "ಬಂದೆ ಕಣೋ" ಎಂದೆ.

ವಜೀರ್